ಕಬ್ಬಿನೊಳಗಿಂದ ಬಂದ ಕೂಗು

ಇಂಥದ್ದನ್ನೆಲ್ಲ ನಾನು ನಂಬುತ್ತಿರಲಿಲ್ಲ. ರೋಗಿಗಳು ಗಾಳಿ, ಸೋಕು ಎಂದರೆ ಒಳಗೊಳಗೇ ನಗುತ್ತಿದ್ದೆ. ಇಂದಿಗೂ ಪೂರ್ತಿ ನಂಬುತ್ತೇನೆಂದು ಹೇಳಲಾರೆ. ಆದರೆ ಆ ಮಧ್ಯಾಹ್ನ ನಾನು ಹೆದರಿದ್ದು ಮಾತ್ರ ಸುಳ್ಳಲ್ಲ.

ನಾನು ಹುಟ್ಟಿದ್ದು ನೇಪಾಳದಲ್ಲಿ. ನನಗೆ ಆರು ವರ್ಷವಿದ್ದಾಗ ಅಪ್ಪ, ಅಮ್ಮ ಶ್ರೀರಂಗಪಟ್ಟಣದ ಹೋಟೆಲೊಂದಕ್ಕೆ ಅಡುಗೆ ಕೆಲಸಕ್ಕೆ ಬಂದರು. ಇಲ್ಲೇ ಕನ್ನಡ ಶಾಲೆಯಲ್ಲಿ ಕಲಿತೆ, ಮೆಡಿಕಲ್ ಓದಿದೆ. ಕೊನೆಯ ವರ್ಷ ತರಬೇತಿಗೆಂದು ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರ ಆಸ್ಪತ್ರೆಗೆ ಹಾಕಿದ್ದರು. ಮಂಡ್ಯದವರಂತೆಯೇ ಮಾತಾಡಿದರೂ, ನನ್ನ ಮುಖ ನೋಡಿದವರು “ಯಾವ ದೇಸದೋರು?” ಎಂದು ಕೇಳದೆ ಬಿಡುತ್ತಿರಲಿಲ್ಲ.

ಕಬ್ಬು ಕಟಾವಿನ ಕಾಲ. ಆಶಾ ಕಾರ್ಯಕರ್ತೆ ಜಯಮ್ಮನವರ ಜೊತೆ ಬಸುರಿಯರ ಪಟ್ಟಿ ಹಿಡಿದು ಮನೆ ಮನೆ ಸುತ್ತಿ, ಕ್ಯಾತನಹಳ್ಳಿ ಕಡೆಯಿಂದ ಗದ್ದೆ ದಾರಿಯಲ್ಲಿ ವಾಪಸ್ಸು ಬರುತ್ತಿದ್ದೆ. ಎರಡೂ ಬದಿ ಆಳೆತ್ತರ ಮೀರಿದ ಕಬ್ಬು. ಉರಿಬಿಸಿಲು. ಒಂದು ಗರಿಯೂ ಅಲ್ಲಾಡುತ್ತಿರಲಿಲ್ಲ.

“ಕಾಂಛೀ!”

ನೇಪಾಳಿಯಲ್ಲಿ ಕಾಂಛಿ ಎಂದರೆ ಕಿರಿಮಗಳು. ನನ್ನನ್ನು ಹಾಗೆ ಕರೆಯುವವಳು ಅಮ್ಮ ಒಬ್ಬಳೇ. ದನಿಯೂ ಅಮ್ಮನದೇ. ಪಕ್ಕಕ್ಕೆ ತಿರುಗಿದರೆ ಜಯಮ್ಮನವರೂ ನಿಂತುಬಿಟ್ಟಿದ್ದರು. ಮುಖ ಬಿಳುಚಿಕೊಂಡಿತ್ತು.

“ನಿಮ್ಗೂ ಕೇಳುಸ್ತಾ?” ಎಂದೆ.

“ಜಯೀ ಅಂತು ಮೇಡಂ. ನಮ್ಮವ್ವನ ದನಿ. ಅವ್ವ ಸತ್ತು ಎಷ್ಟೋ ವರ್ಸ ಆಯ್ತು. ಓ ಅನ್ಬ್ಯಾಡಿ, ತಿರುಗ್ ನೋಡ್ಬ್ಯಾಡಿ. ಬಿರ್‍ರನೆ ನಡೀರಿ!”

ಒಂದೇ ಕೂಗು, ಇಬ್ಬರಿಗೂ ಬೇರೆ ಬೇರೆ ಹೆಸರಾಗಿ ಕೇಳಿತ್ತು. ನನ್ನ ಬಾಯಿ ಒಣಗಿತು. ಅಷ್ಟರಲ್ಲಿ ಮತ್ತೆ ಅದೇ ಕೂಗು, ಈ ಸಲ ಕ್ಷೀಣವಾಗಿ, ಎಡಗಡೆಯ ಕಬ್ಬಿನೊಳಗಿಂದ. ಓಡಿಹೋಗಬೇಕೆನಿಸಿತು. ಆದರೆ ಅದರಲ್ಲಿ ನೋವಿತ್ತು, ಬಿಟ್ಟು ಹೋಗಲು ಆಗಲಿಲ್ಲ. “ಬಂದೆ!” ಎಂದು ಕೂಗಿ ಒಳಗೆ ನುಗ್ಗಿದೆ. ಜಯಮ್ಮ ಅಳುತ್ತಲೇ ಹಿಂದೆ ಬಂದರು.

ಕಟಾವಾದ ಜಾಗದಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದೇ ಒಂದು ಗುಡಿಸಲು. ಒಳಗೆ ತುಂಬು ಬಸುರಿಯೊಬ್ಬಳು ಫಿಟ್ಸ್ ಬಂದು ಒದ್ದಾಡುತ್ತಿದ್ದಳು. ಹಲ್ಲು ಕಚ್ಚಿಕೊಂಡಿತ್ತು, ಬಾಯಲ್ಲಿ ರಕ್ತ ಬೆರೆತ ನೊರೆ. ಕೂಗುವುದಿರಲಿ, ಉಸಿರಾಡುವುದೇ ಕಷ್ಟವಾಗಿತ್ತು. ಸುತ್ತ ಬೇರೊಬ್ಬರಿರಲಿಲ್ಲ.

ನಾನು ಅವಳನ್ನು ಪಕ್ಕಕ್ಕೆ ಹೊರಳಿಸಿ ಹಿಡಿದುಕೊಂಡೆ. ಜಯಮ್ಮ ರಸ್ತೆಗೆ ಓಡಿ, ಟ್ರಾಕ್ಟರೊಂದನ್ನು ಅಡ್ಡಹಾಕಿ ತಂದರು. ನಮ್ಮ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಪಾಂಡವಪುರಕ್ಕೆ ಸಾಗಿಸಿದೆವು. ತಾಯಿ, ಮಗು ಇಬ್ಬರೂ ಉಳಿದರು.

ಅವಳು ಬಳ್ಳಾರಿ ಕಡೆಯಿಂದ ಕಬ್ಬು ಕಡಿಯಲು ಬಂದವಳು. ಜೊತೆಯವರು ಕಟಾವಿಗೆ ಹೋದಾಗ ತಲೆನೋವೆಂದು ಗುಡಿಸಲಲ್ಲಿ ಒಬ್ಬಳೇ ಉಳಿದಿದ್ದಳಂತೆ. ಎಚ್ಚರವಾದ ಮೇಲೆ, ಕೂಗಿದ್ದು ನೀನೇನಾ ಎಂದು ಕೇಳಿದೆ. “ನಾ ಯಾರನ್ನೂ ಕರದಿಲ್ರೀ ಅಕ್ಕಾರ. ತಲಿ ಸಿಡೀತಿತ್ತು, ಮುಂದ ಏನಾತೋ ಗೊತ್ತಿಲ್ಲ” ಎಂದಳು. ಅಮ್ಮನಿಗೆ ಫೋನು ಮಾಡಿದರೆ, ಮಧ್ಯಾಹ್ನವೆಲ್ಲ ಹೋಟೆಲಿನಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳಂತೆ.

ಆ ಬಸುರಿಯ ಹೆಸರು ಯಾರ ಪಟ್ಟಿಯಲ್ಲೂ ಇರಲಿಲ್ಲ. ‘ನಮ್ಮೂರೋರಲ್ಲ’ ಎಂದು ಯಾರೂ ಬರೆದುಕೊಂಡಿರಲಿಲ್ಲ. ಹೊರಗಿನವಳಾದ ನಾನೂ ಇಂಥ ಗುಡಿಸಲುಗಳ ಬಗ್ಗೆ ಕೇಳಿರಲಿಲ್ಲ. ಅಂದಿನಿಂದ ಪ್ರತಿ ಕಟಾವಿನಲ್ಲೂ ಕೆ.ಆರ್. ಪೇಟೆ, ನಾಗಮಂಗಲ ಎನ್ನದೆ ಗುಡಿಸಲು ಹುಡುಕಿ ಹೋಗುತ್ತೇನೆ, ಅಲ್ಲಿನ ಬಸುರಿಯರ ತಾಯಿ ಕಾರ್ಡಿಗಾಗಿ ಕಚೇರಿಗಳಲ್ಲಿ ಜಗಳವಾಡುತ್ತೇನೆ. ಈಗ ನನ್ನ ಬಳಿ ತರಬೇತಿಗೆ ಬರುವ ವಿದ್ಯಾರ್ಥಿಗಳನ್ನೂ ಕರೆದೊಯ್ದು, ಮೊದಲು ನೆಲದ ಮೇಲೆ ಕೂತು ಮಾತಾಡಿಸಿ, ಆಮೇಲೆ ಬಿ.ಪಿ. ನೋಡಿ ಎಂದು ಕಲಿಸುತ್ತೇನೆ.

ಈಚೆಗೆ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಪಟ್ಟಿಯಲ್ಲೇ ಇಲ್ಲದವಳು ನಿಮಗೆ ಹೇಗೆ ಸಿಕ್ಕಿದಳು ಮೇಡಂ?”

“ಜಯಮ್ಮನವರಿಗೆ ಗೊತ್ತಿತ್ತು” ಎಂದುಬಿಟ್ಟೆ.

ಅವರು ಅಲ್ಲೇ ಇದ್ದರು. ಹುಡುಗಿಯರು ಮುಂದೆ ಹೋದ ಮೇಲೆ ನನ್ನ ಕೈ ಹಿಡಿದುಕೊಂಡರು.

“ಸುಳ್ ಯಾಕ್ ಏಳಿದ್ರಿ ಮೇಡಂ? ನಂಗೇನೂ ಗೊತ್ತಿರ್ನಿಲ್ಲ. ನಾನು ಓಡ್ಬುಡಾನ ಅಂತಿದ್ದೆ.”

ಅವರ ಕೈ ತಣ್ಣಗಿತ್ತು. ನನ್ನದೂ.