ಕರೆವ್ವನ ಮನೆಯ ಕಲ್ಲು

ಬೆಳಗ್ಗೆ ಒಲೆ ಹೊತ್ತಿಸುವ ಮೊದಲು ಕರೆವ್ವ ಒಂದು ಕೊಡ ನೀರು ತಂದು, ಕಾಲುವೆ ದಾಟುವ ಕಲ್ಲಿನ ಪೂಲಿನಲ್ಲಿ ತಮ್ಮ ಮನೆಯದೆನ್ನುವ ಕಲ್ಲನ್ನು ತೊಳೆದು, ತುದಿಗೆ ಅರಿಶಿನ ಹಚ್ಚುತ್ತಾಳೆ. ಜ್ವರ ಬಂದ ದಿನವೂ ತಪ್ಪಿಸಿದವಳಲ್ಲ. ಹಾಗೆ ಕಲಿಸಿದವಳು ತೀರಿಹೋದ ಅತ್ತೆ ತಿಪ್ಪವ್ವ.

ಹಾನಗಲ್ಲಿನ ಆಚೆಗಿನ ಈ ಓಣಿಯನ್ನು ಕಾಲುವೆ ಎರಡು ಹೋಳು ಮಾಡಿದಾಗ ಮೊದಲು ಹಾಕಿದ್ದು ಎರಡು ತೆಂಗಿನ ದಿಮ್ಮಿ. ಗಬ್ಬದ ಎಮ್ಮೆಯೊಂದು ಅದರಿಂದ ಜಾರಿ ಸತ್ತ ಮೇಲೆ, ಮನೆಗೊಂದು ಉದ್ದನೆಯ ಕಲ್ಲು ಕೊಟ್ಟು, ದಡದಿಂದ ದಡಕ್ಕೆ ಒಂದರ ಪಕ್ಕ ಒಂದಿಟ್ಟು ಜನರೇ ಪೂಲು ಹಾಸಿದರು. ತಿಪ್ಪವ್ವ ದನದ ಕೊಟ್ಟಿಗೆಯ ಚಪ್ಪಡಿ ಎಬ್ಬಿಸಿ ಕೊಟ್ಟಳು. ಯಾರ ಕಲ್ಲನ್ನು ಅವರೇ ತೊಳೆಯಬೇಕು. "ನಿಮ್ಮ ಕಲ್ಲಿನ ಮ್ಯಾಲ ಉಗಳೋ, ಹಲ್ಕಟ್!" ಎಂದು ಪಕ್ಕದ ಕಲ್ಲಿನ ಮಾಬೂಬಿ ಈಗಲೂ ಗದರುವುದುಂಟು.

ಸಿಮೆಂಟಿನ ಪೂಲು ಮಂಜೂರಾಗಿ ದಡದಲ್ಲಿ ಪಾಯ ತೋಡಿಯಾಗಿತ್ತು. ಇವತ್ತು ನಸುಕಿನಲ್ಲೇ ಹಳೆ ಕಲ್ಲು ಕೀಳಲು ಜೆಸಿಬಿ ಬಂತು. ದಡದಲ್ಲಿ ಕರೆವ್ವ, ಮಾಬೂಬಿ ಇಬ್ಬರೇ ನಿಂತಿದ್ದರು. ಡ್ರೈವರ್ ಸುಭಾಸ ಮೊದಲು ಮೀಟಿದ್ದೇ ಕರೆವ್ವನ ಕಲ್ಲನ್ನು. ಅದು ದಡದ ಮೇಲೆ ಮಗುಚಿ ಬಿತ್ತು. ಕೆಸರು ಜಾರಿತು.

"ಯಾ ಅಲ್ಲಾ!" ಮಾಬೂಬಿ ಬಾಯಿಗೆ ಸೆರಗು ಒತ್ತಿಕೊಂಡಳು.

ಕಲ್ಲಿನೊಳಗಿಂದ ಒಂದು ಕೈ ಎದ್ದಿತ್ತು. ತುಂಬ ಬಳೆ, ಬೆರಳುಗಳಲ್ಲಿ ನಿಂಬೆಹಣ್ಣು. ಗಂಡನ ಚಿತೆ ಏರಿದವಳನ್ನು ದೇವರೆಂದು ಕೆತ್ತಿ ಪೂಜಿಸುವ ಮಾಸ್ತಿಕಲ್ಲು.

ಕರೆವ್ವ ಕೊಡ ಕೆಳಗಿಟ್ಟು ಕಲ್ಲಿನ ಬಳಿ ಕೂತಳು. ಈ ತಾಯಿಯ ಬೆನ್ನ ಮೇಲೆ ದನ ನಡೆದಿವೆ, ಮದುಮಕ್ಕಳು ದಾಟಿದ್ದಾರೆ, ಎಲೆಯಡಿಕೆ ಉಗುಳು ಬಿದ್ದಿದೆ! ಅಷ್ಟರಲ್ಲಿ ಇನ್ನೊಂದು ನೆನಪಾಯಿತು. ಅತ್ತೆ ಒಂದು ದಿನವೂ ತಮ್ಮ ಕಲ್ಲು ತುಳಿದವಳಲ್ಲ. ಮಾಬೂಬಿಯ ಕಲ್ಲಿನ ಮೇಲೇ ದಾಟುತ್ತಿದ್ದಳು.

"ಗೊತ್ತಿತ್ತು ಆಕಿಗೆ! ಗೊತ್ತಿದ್ದೂ ಮಂದಿ ಕಡೆ ತುಳಿಸ್ಯಾಳ!"

"ಮನ್ಯಾಗ ಇಟಗೊಳ್ಳಾಕ ಅಂಜಿತ್ತೇನೋ ಮುದುಕಿ," ಎಂದಳು ಮಾಬೂಬಿ.

ಸುಭಾಸ ಕೆಳಗಿಳಿದು ಬಂದ. "ಯವ್ವಾ, ನೋಡಿದವ್ರು ನಾವ ಮೂರು ಮಂದಿ. ಊರಿಗೆ ಗೊತ್ತಾದ್ರ ಜಡ್ಡು, ಸಾವು ಎಲ್ಲಾ ನಿಮ್ಮ ಮನಿ ಮ್ಯಾಲ ಹಾಕ್ತಾರ. ಪಾಯಾ ತೆಗದೈತಿ. ಅದರಾಗ ಇಳಿಸಿ ಕಾಂಕ್ರೀಟ್ ಸುರುವಿಬಿಡ್ತೇನಿ. ಹ್ಞೂಂ ಅನ್ರಿ ಸಾಕು."

ಅವನ ಮಾತು ಸುಳ್ಳಲ್ಲ. ಎದುರು ದಡದ ಶೈಲಾಳ ಕೂಸು ತೀರಿಹೋಗಿ ಇನ್ನೂ ವರ್ಷ ತುಂಬಿಲ್ಲ. ಅವಳು ಬಂದು ಇದನ್ನು ನೋಡಿದರೆ ಏನು ಕೇಳುತ್ತಾಳೆಂಬುದು ಕರೆವ್ವನಿಗೆ ಗೊತ್ತು.

ಅವಳು ಸೆರಗಿನಿಂದ ಆ ಬಳೆಗಳ ಕೆಸರು ಒರೆಸಿದಳು.

"ಬ್ಯಾಡ ತಮ್ಮಾ. ಆಕಿನ್ನ ಮತ್ತ ಬೋರಲ ಮಲಗಿಸಬ್ಯಾಡ. ಮಾಬೂಬಿ, ಹೋಗಿ ಎಲ್ಲಾರನೂ ಕರಕೊಂಡ ಬಾ. ಮೊದಲ ಶೈಲಾನ್ನ ಕರಿ."