ಮೊದಲ ಗ್ಲಾಸಿಗೇ ಕೊಡಬೇಕು

ಆ ಶುಕ್ರವಾರ ಲಂಡನ್ನಿನ ವೆಂಬ್ಲಿಯ ಹೋಟೆಲೊಂದರಲ್ಲಿ ದೋಸೆ ತಿಂದು ಏಳುವಾಗ ನಾನು ತಟ್ಟೆಯ ಅಡಿಗೆ ಟಿಪ್ಸಿಗೆಂದು ಒಂದು ನಾಣ್ಯ ಸಿಕ್ಕಿಸಿ, ಕದ್ದವನ ಹಾಗೆ ಬಾಗಿಲ ಕಡೆ ಹೊರಟೆ. ನನ್ನ ಹೆಂಡತಿ ವಿಮಲ ತೋಳು ಹಿಡಿದು ನಿಲ್ಲಿಸಿದಳು.

“ಕೊಡೋದನ್ನ ಯಾಕ್ರೀ ಬಚ್ಚಿಡ್ತೀರಾ? ಬಡಿಸಿದ ಹುಡುಗಿ ಮುಖ ನೋಡಿ ಕೊಡಿ.”

ಕೊಟ್ಟೆ. ಆಮೇಲೆ ಈಲಿಂಗ್ ರೋಡಿನಲ್ಲಿ ಕರಿಬೇವು ಕೊಂಡು, ಅದು ಬಾಡಿದೆಯೋ ಇಲ್ಲವೋ ಎಂದು ವಾದ ಮಾಡುತ್ತಾ ಗ್ರೀನ್‌ಫರ್ಡಿನ ಬಸ್ಸು ಹತ್ತಿದೆವು. ಮರುದಿನ ಕೆಲಸದಲ್ಲೇ ಕುಸಿದುಬಿದ್ದವಳು ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಹಾಗಾಗಿ ನಮ್ಮ ಕೊನೆಯ ಮಾಮೂಲಿ ದಿನ ಆ ಬಾಡಿದ ಕರಿಬೇವಿನದು. ಬಾಡಿತ್ತು ಎಂದು ಈಗಲೂ ಹೇಳುತ್ತೇನೆ.

ವಿಮಲಳಿಗೆ ಲಂಡನ್ನಿನ ಒಂದು ಕ್ಯಾಸಿನೊದಲ್ಲಿ ಕೆಲಸ. ಆಡಲು ಕೂತವರಿಗೆ ಕಾಕ್‌ಟೇಲೋ ಟೀಯೋ ತಂದುಕೊಡುವುದು. ಮೈಸೂರಿಗೆ, ಅಮ್ಮನಿಗೆ ಫೋನ್ ಮಾಡಿದಾಗ ನಾನು ಮೆಲ್ಲಗೆ “ಹೋಟೆಲಲ್ಲಿ ಕೆಲಸ” ಎನ್ನುತ್ತಿದ್ದೆ. ಅವಳು ಅಡುಗೆಮನೆಯಿಂದಲೇ “ಕ್ಯಾಸಿನೊ, ಅತ್ತೆ!” ಎಂದು ಕೂಗಿ ತಿದ್ದುತ್ತಿದ್ದಳು.

ಟಿಪ್ಸಿನ ವಿಷಯಕ್ಕೆ ಬಂದರೆ ಮಡಿಯವರಿಗಿಂತ ಹೆಚ್ಚು ಕಟ್ಟುನಿಟ್ಟು ಅವಳದು. ಮೊದಲ ಗ್ಲಾಸಿಗೇ ಕೊಡಬೇಕು, ಹೊರಡುವಾಗ ನೆನಪಾಗಿ ಅಲ್ಲ. ಟ್ರೇ ಮೇಲೆ ಇಡಬೇಕು. ಕೊಟ್ಟ ಮೇಲೆ ಭಾಷಣ ಬೇಡ, “ನಿಮ್ಮೂರು ಯಾವುದು” ಎಂದು ಕೇಳುವುದಂತೂ ಬೇಡವೇ ಬೇಡ. ಇದನ್ನೆಲ್ಲ ಉಗ್ರಾಣದಲ್ಲಿ ಪೆಟ್ಟಿಗೆ ಹೊರುವ ನನಗೆ ಯಾಕೆ ಹೇಳುತ್ತಿದ್ದಳೋ! ನನಗೆ ಯಾರೂ ಟಿಪ್ಸ್ ಕೊಟ್ಟವರಿಲ್ಲ, ನಾನು ಕೊಡುವುದನ್ನಂತೂ ನೀವು ನೋಡಿದಿರಲ್ಲ.

ಒಮ್ಮೆ ನನ್ನ ಹುಟ್ಟುಹಬ್ಬಕ್ಕೆ ಅವಳೇ ಒಂದು ಮಧ್ಯಾಹ್ನ ಬೇರೊಂದು ಕ್ಯಾಸಿನೊಗೆ ಕರೆದುಕೊಂಡು ಹೋದಳು. ನಾನು ಅಕಸ್ಮಾತ್ತಾಗಿ ಗೆದ್ದೆ. ಎಲೆ ಹಂಚುವ ಡೀಲರಿಗೆ ಏನಾದರೂ ಕೊಡಬೇಕಲ್ಲ? ಎದ್ದು ನಿಂತು, ಎಡಗೈಯನ್ನು ಬಲ ಮೊಣಕೈಗೆ ತಾಗಿಸಿ, ಅಲ್ಲಿ ಹಣದ ಬದಲು ಬಳಸುವ ಬಿಲ್ಲೆ, ‘ಚಿಪ್’ ಒಂದನ್ನು ಅವನ ಕೈಗೇ ಕೊಡಲು ಹೋದೆ. ನಮ್ಮಲ್ಲಿ ಮರ್ಯಾದಸ್ಥರಿಗೆ ಕೊಡುವುದೇ ಹಾಗೆ. ಆತ ಬಿಸಿ ಬಾಣಲೆ ತಾಗಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಮೇಲ್ವಿಚಾರಕಿ ತಿರುಗಿ ನೋಡಿದಳು.

“ಪುರೋಹಿತರಿಗೆ ದಕ್ಷಿಣೆ ಕೊಡ್ತಿದೀರೇನ್ರೀ? ಅವರು ಕೈಯಲ್ಲಿ ಇಸ್ಕೊಳೋ ಹಾಗಿಲ್ಲ. ಮೇಜಿನ ಮೇಲಿಡಿ, ‘ನಿಮಗೆ’ ಅನ್ನಿ, ಸಾಕು,” ಎಂದಳು ವಿಮಲ. ಇಟ್ಟೆ. ಆತ ಅದನ್ನು ಟೇಬಲ್ಲಿಗೆ ಟಕ್ಕೆಂದು ತಟ್ಟಿ ಪೆಟ್ಟಿಗೆಯೊಳಕ್ಕೆ ಹಾಕಿದ. ಅದು ಎಲ್ಲರಿಗೂ ಹಂಚುವ ಹಣವಂತೆ. ಮನೆ ತಲುಪುವವರೆಗೂ ಟ್ಯೂಬ್ ರೈಲಿನಲ್ಲಿ ನೆನೆನೆನೆದು ನಕ್ಕಳು.

ಅವಳಿಲ್ಲದೆ ಕೆಲವು ತಿಂಗಳಾದ ಮೇಲೆ, ಹೋದ ವಾರ, ಅವಳು ಕೆಲಸ ಮಾಡಿದ ಜಾಗಕ್ಕೇ ಹೋದೆ. ಮರಿಯಾಳನ್ನು ನೋಡಬೇಕಿತ್ತು. ವಿಮಲಳ ಜೊತೆಗೆ ಟ್ರೇ ಹಿಡಿದವಳು. ಆಸ್ಪತ್ರೆಯಲ್ಲಿ ನಾನು ತೂಕಡಿಸಿದಾಗಲೆಲ್ಲ ಅವಳ ಕೈ ಹಿಡಿದು ಕೂತವಳು. ಅಂಥವರಿಗೆ ಹೇಗೆ ಕೃತಜ್ಞತೆ ಹೇಳಬೇಕೆಂದು ವಿಮಲ ಹೇಳಿಕೊಟ್ಟಿರಲಿಲ್ಲ. ಮೈಸೂರು ಪಾಕಿನ ಡಬ್ಬಿ ಹಿಡಿದು, ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಒಂದು ಭಾಷಣ ಉರು ಹೊಡೆದೆ.

ಮರಿಯಾ ಟೀ ತಂದಳು. ಭಾಷಣ ಒಂದಕ್ಷರವೂ ನೆನಪಾಗಲಿಲ್ಲ. ಅವಳ ಮುಖ ನೋಡಿದೆ. ಖಾಲಿಯಾದ ಟ್ರೇ ಮೇಲೆ ಡಬ್ಬಿ ಇಟ್ಟು, “ನಿಮಗೆ” ಎಂದೆ.

ಅವಳು ಟ್ರೇಯನ್ನು ಪಕ್ಕದ ಮೇಜಿನ ಮೇಲಿಟ್ಟು, ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

“ಭಾಷಣ ಮಾಡದೆ ಬಿಡಲ್ಲ ನಮ್ಮೆಜಮಾನ್ರು ಅಂತಿದ್ಲು ವಿಮಲ,” ಎಂದಳು ಇಂಗ್ಲಿಷಿನಲ್ಲಿ. ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಟೀ ಆರುವ ಮುಂಚೆ ಕುಡಿದು ಬಂದೆ. ಈಗ ಎಲ್ಲಿ ಹೋದರೂ ಮುಖ ನೋಡಿ ಕೊಡುತ್ತೇನೆ, ಮೊದಲಿಗೇ ಕೊಡುತ್ತೇನೆ. ಮನೆಗೆ ಬಂದು ಬೀಗ ತೆಗೆದರೆ, ಇವತ್ತು ಸರಿಯಾಗಿ ಕೊಟ್ಟೆ ಎಂದು ಹೇಳಿಕೊಳ್ಳಲು ವಿಮಲ ಇಲ್ಲ.