ಕತ್ತೆಮರಿ ಕುದುರಿಸಿದ ಸಂಬಂಧ

ಒಲೆಯ ಮೇಲೆ ಕೇಸರಿಬಾತು ಬೇಯುತ್ತಿದೆ. ತುಪ್ಪ, ಏಲಕ್ಕಿಯ ವಾಸನೆ ನಡುಮನೆವರೆಗೂ ಹಬ್ಬಿದೆ. ಮಗಳನ್ನು ನೋಡಲು ಹುಡುಗನ ಕಡೆಯವರು ಬರುವ ಹೊತ್ತಾಯಿತು. ಅವಳು ಸೀರೆಯುಟ್ಟು, ಸೋಫಾ ಮೇಲೆ ಕಾಲು ಮಡಚಿ ಕೂತು ಟೀವಿಯಲ್ಲಿ ಮಕ್ಕಳ ಗೊಂಬೆ ಸಿನಿಮಾ ನೋಡುತ್ತಿದ್ದಾಳೆ. ಎಂ.ಎಸ್ಸಿ. ಮುಗಿಸಿದ ಹುಡುಗಿ! ಆರಿಸೇ ಅನ್ನಲು ಬಾಯಿ ತೆರೆದವಳು ಸುಮ್ಮನಾದೆ. ಯಾಕಂತೀರಾ? ಹೇಳ್ತೀನಿ ಕೇಳಿ.

ತೊಂಬತ್ತರ ದಶಕದ ಕೊನೆ. ಪಾಂಡವಪುರದ ನಮ್ಮ ಬೀದಿಗೆ ಆಗಷ್ಟೇ ಕೇಬಲ್ಲು ಬಂದಿತ್ತು. ಡಿಗ್ರಿ ಮುಗಿಸಿದ್ದ ನಾನು ಬೀದಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು ಕಾರ್ಟೂನು ಚಿತ್ರ ನೋಡುತ್ತಿದ್ದೆ. ಮಕ್ಕಳಿಗೋಸ್ಕರ ಅಂತ ಹೇಳಿಕೊಳ್ಳುತ್ತಿದ್ದೆ. ಮಕ್ಕಳು ಎದ್ದು ಆಡಲು ಹೋದರೂ ನಾನು ಏಳುತ್ತಿರಲಿಲ್ಲ. "ಕತ್ತೆ ವಯಸ್ಸಾಯ್ತು, ಬಂದೋರ ಮುಂದೆ ಇದ್ನ ಬಾಯ್ ಬುಟ್ಟುಗಿಟ್ಟೀಯ" ಎಂದು ಅಮ್ಮ ಎಚ್ಚರಿಸುತ್ತಿದ್ದಳು. ಅವಳ ಸಂಕಟ ಸುಳ್ಳಲ್ಲ. ಆಗಲೇ ಎರಡು ಕಡೆಯವರು ಬಂದು, ತಿಂದು, ಊರಿಗೆ ಹೋಗಿ ತಿಳಿಸ್ತೀವಿ ಅಂದು ಹೋದವರು ತಿಳಿಸಿರಲೇ ಇಲ್ಲ. ಮೂರನೆಯದು ಸಿಂಧಘಟ್ಟದ ಸಂಬಂಧ. ಫೋಟೋದಲ್ಲಿ ಹುಡುಗ ನನಗೆ ಹಿಡಿಸಿಬಿಟ್ಟಿದ್ದ. ಇದೊಂದು ತಪ್ಪಿಹೋಗದಿರಲಿ ಅಂತ ಮನಸ್ಸಿನಲ್ಲೇ ಗಂಜಾಂ ನಿಮಿಷಾಂಬೆಗೆ ಹರಕೆ ಹೊತ್ತಿದ್ದೆ.

ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟರು. ಟೀವಿಯಲ್ಲಿ, ಸಂತೆಯಲ್ಲಿ ತಾಯಿಯನ್ನು ಕಳೆದುಕೊಂಡ ಕತ್ತೆಮರಿಯ ಚಿತ್ರ. ಮಕ್ಕಳೆಲ್ಲ ಅದರ ಮುಂದೆ. ಅಮ್ಮ ಆರಿಸಲು ಹೋದರೆ ಹುಡುಗನ ಅಪ್ಪ, ಗಿರಿಜಾಮೀಸೆಯ ದೊಡ್ಡ ಆಳು, ಮಕ್ಕಳು ನೋಡ್ಲಿ ಬುಡಿ ಅಂದರು. ಕೇಸರಿಬಾತು ಕೈಗೆ ಸಿಕ್ಕಿದ್ದೇ ಮಕ್ಕಳು ಓಡಿದವು. ಹುಡುಗನ ಅಪ್ಪನ ಕಣ್ಣು ಮಾತ್ರ ಟೀವಿ ಬಿಡಲಿಲ್ಲ. ಹುಡುಗನ ಸೋದರತ್ತೆ ನನಗೆ ಮುದ್ದೆ ತೊಳಸಲು ಬರುತ್ತದಾ, ಹಾಲು ಕರೆಯಲು ಬರುತ್ತದಾ ಎಂದು ವಿಚಾರಿಸುತ್ತಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು.

ಮೀಸೆಯವರು ನನ್ನ ಕಡೆ ತಿರುಗಿದರು. "ಆ ಮರೀಗೆ ಅವ್ವ ಸಿಕ್ತಾಳಾ ಮಗಾ?"

ಅಮ್ಮ ಹಿಂದಿನಿಂದ ಚಿವುಟಿದಳು. ಗೊತ್ತಿಲ್ಲ ಅಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಆ ಮೀಸೆಯ ಮುಖದಲ್ಲಿ ನಿಜವಾದ ಕಳವಳ ಇತ್ತು ಕಣ್ರೀ. ಮೊದಲೇ ಎರಡು ಸಲ ನೋಡಿದ್ದ ಚಿತ್ರ, ಸಿಕ್ತಾಳೆ ಅಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತಲ್ಲ? ಮರಿ ಹೊಳೆ ದಾಟಿದ್ದು, ಇಟ್ಟಿಗೆ ಗೂಡಿನ ಹತ್ತಿರ ತಾಯಿಯ ದನಿ ಗುರುತಿಸಿದ್ದು, ಎಲ್ಲವನ್ನೂ ಕೈ ತಿರುಗಿಸಿ ತಿರುಗಿಸಿ ಹೇಳಿದೆ. ಕೊನೆಗೆ ಕತ್ತೆಯ ಹಾಗೆ ಕೂಗಿದೆನಂತೆ. ಅದು ಅಮ್ಮನ ಆರೋಪ.

ಸೋದರತ್ತೆ ರೂಢಿಯಂತೆ, ಊರಿಗೋಗಿ ತಿಳಿಸ್ತೀವಿ ಎಂದು ಶುರು ಮಾಡಿದರು. ಮೀಸೆಯವರು ಶಲ್ಯ ಹೆಗಲಿಗೆ ಹಾಕಿಕೊಂಡು, "ಇನ್ನೇನ್ ತಿಳ್ಸಾದು? ಎಣ್ಣು ನಮ್ದೇಯ" ಅಂದರು.

ಗಂಡನಿಗೆ ಇವತ್ತಿಗೂ ಟೀವಿಯಲ್ಲಿ ಮಾತಾಡುವ ಕತ್ತೆ ಅಂದರೆ ಸಿಡಿಮಿಡಿ. ನನಗೆ ಜೊತೆ ಸಿಕ್ಕಿದ್ದು ಆ ಮೀಸೆಯ ಮಾವ. ಡೈರಿಗೆ ಹಾಲು ಹಾಕಿ ಬಂದು ಇಬ್ಬರೂ ಟೀವಿ ಮುಂದೆ ಕೂರುತ್ತಿದ್ದೆವು. ಊರಿಗೆ ನ್ಯಾಯ ಹೇಳುತ್ತಿದ್ದವರು ಅವರು; ಜಮೀನಿನ ತಕರಾರು ಹೊತ್ತು ಯಾರಾದರೂ ಬಂದರೆ, ಕೂಸಿಗೆ ಹಾಕಿದ್ದು ಅನ್ನುತ್ತಿದ್ದರು. ಮನೆಯಲ್ಲಿ ಆಗಿನ್ನೂ ಕೂಸೇ ಹುಟ್ಟಿರಲಿಲ್ಲ. ಬಂದವರು ಗಂಭೀರವಾಗಿ ತಲೆಯಾಡಿಸಿ, ತಾವೂ ಕೂತು ನೋಡುತ್ತಿದ್ದರು. ಅತ್ತೆಮನೆ ಎಂಬ ಭಯ ನನಗೆ ಹೋದದ್ದು ಹಾಗೆ. ಮಾವ ಈಗಿಲ್ಲ. ಇವತ್ತು ಇರಬೇಕಿತ್ತು.

ಹೊರಗೆ ಕಾರು ನಿಂತ ಸದ್ದಾಯಿತು. ಮಗಳು ಗಾಬರಿಯಿಂದ ರಿಮೋಟಿಗೆ ಕೈ ಹಾಕಿದಳು. ನಾನು ಕಸಿದುಕೊಂಡೆ.

"ಇರ್ಲಿ ಬುಡು. ಬಂದೋರಲ್ಲಿ ಯಾರು ನೋಡ್ತಾರೋ ನೋಡಾನ. ಅವ್ರು ಊರು ಸೇರ್ಕಂಡ ಮೇಲೆ ನಾವೇ ತಿಳ್ಸಾನ."